ನಗಬ್ಯಾಡ್ರಿ, ಹೊಲಿಗಿ ಬಿಚ್ಚತಾವು

ಕಣ್ಣಿನ ದವಾಖಾನೆಯಲ್ಲಿ ನಗು ಬರುವಂಥ ಸಂಗತಿ ದಿನಕ್ಕೊಂದಾದರೂ ನಡೆಯುತ್ತಿತ್ತು. ನಗಲಿಕ್ಕೆ ಮಾತ್ರ ಅಲ್ಲಿ ಯಾರಿಗೂ ಅಪ್ಪಣೆ ಇರಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷವೇ ನಾನು ಗದಗಿನಲ್ಲಿ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಪಟ್ಟಿ ಕಟ್ಟುವ ಕೆಲಸಕ್ಕೆ ಸೇರಿದೆ. ದವಾಖಾನೆ ಅಂದರೆ ಒಂದು ಹಳೆಯ ಮನೆ, ಒಳಗೆ ಎಂಟು ಕಾಟು, ಅಷ್ಟೇ. ಆಗ ಮೋತಿಬಿಂದುವಿನ ಆಪರೇಶನ್ ಅಂದರೆ ಈಗಿನ ಹಾಗೆ ಮುಂಜಾನೆ ಹೋಗಿ ಸಂಜೆ ಬಸ್ಸಿಗೆ ಊರು ಸೇರುವ ಕೆಲಸವಲ್ಲ. ಪೊರೆ ಕಟ್ಟಿದ್ದನ್ನು ಕಣ್ಣೊಳಗಿಂದ ತೆಗೆದು, ಒಂದೋ ಎರಡೋ ಹೊಲಿಗೆ ಹಾಕಿ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎಡಕ್ಕೊಂದು ಬಲಕ್ಕೊಂದು ಉಸುಕಿನ ಚೀಲ ಇಟ್ಟು ಅಂಗಾತ ಮಲಗಿಸುತ್ತಿದ್ದರು. ಹತ್ತು ದಿನ ಹಾಗೇ ಇರಬೇಕು. ಹೊರಳುವಂತಿಲ್ಲ, ಕೆಮ್ಮುವಂತಿಲ್ಲ, ಸೀನುವಂತಿಲ್ಲ, ರೊಟ್ಟಿ ಅಗಿಯುವಂತಿಲ್ಲ, ಅಳುವಂತಿಲ್ಲ. ನಗುವುದಂತೂ ದೂರವೇ ಉಳಿಯಿತು. ಇವುಗಳಲ್ಲಿ ಒಂದು ಜೋರಾಗಿ ಆದರೂ ಹೊಲಿಗೆ ಬಿಚ್ಚಿ ಕಣ್ಣು ಹೋದ ಹಾಗೆಯೇ. ಅದಕ್ಕೇ ಕಾಟಿನಿಂದ ಕಾಟಿಗೆ ಓಡಾಡುತ್ತ "ನಗಬ್ಯಾಡ್ರಿ, ಹೊಲಿಗಿ ಬಿಚ್ಚತಾವು" ಅನ್ನುವುದು ನನ್ನ ಕೆಲಸದ ಮುಖ್ಯ ಭಾಗವಾಗಿತ್ತು.

ನಾನು ಮೊದಲೇ ಅಂಜುಬುರುಕ. ಯಾರಾದರೂ ಮೂಗು ಉಜ್ಜಿಕೊಂಡರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅದರ ಮೇಲೆ ಡಾಕ್ಟರದು ಒಂದು ನಿಯಮ: ಒಳಗೆ ರುಮಾಲು, ಟೊಪ್ಪಿಗೆ ಏನೂ ಇರಬಾರದು, ಧೂಳು ಬರುತ್ತದೆ. ಮೂವತ್ತೈದಕ್ಕೇ ನನ್ನ ನೆತ್ತಿ ಬಯಲಾಗಿತ್ತು. ಹೊರಗೆ ಟೊಪ್ಪಿಗೆ ಹಾಕಿಕೊಂಡು ಮರ್ಯಾದೆಯಿಂದ ತಿರುಗುತ್ತಿದ್ದವನು ವಾರ್ಡಿನಲ್ಲಿ ಬರಿತಲೆಯಲ್ಲಿ ನಿಲ್ಲಬೇಕು. ರೋಗಿಗಳ ಕಣ್ಣಿಗೆ ಪಟ್ಟಿ ಇರುತ್ತಿದ್ದದ್ದೇ ನನಗೆ ಸಮಾಧಾನ.

ಇಷ್ಟೆಲ್ಲ ಅಂಜಿಕೆಗೆ ಇನ್ನೊಂದು ಕಾರಣವೂ ಇತ್ತು. ಮುಂಡರಗಿಯಲ್ಲಿ ನನ್ನ ಅವ್ವ ಇದ್ದಳು. ಆಕೆಯ ಎಡಗಣ್ಣನ್ನು ಎಷ್ಟೋ ವರ್ಷದ ಹಿಂದೆ ಸಂತೆಯಲ್ಲಿ ಕೂತು ಸೂಜಿಯಿಂದ ಪೊರೆ ಸರಿಸುವ ಒಬ್ಬ ಅಲೆಮಾರಿ ಕೆಡಿಸಿ ಹೋಗಿದ್ದ. ಈಗ ಉಳಿದ ಬಲಗಣ್ಣಿಗೂ ಪೊರೆ ಬರತೊಡಗಿತ್ತು. ಕಣ್ಣಿನ ಡಾಕ್ಟರ ಕೈಕೆಳಗೆ ಕೆಲಸ ಮಾಡುವ ಮಗ ಇದ್ದೂ ಅವ್ವ ಆಪರೇಶನ್ ಅಂದರೆ ಒಲ್ಲೆ ಅನ್ನುತ್ತಿದ್ದಳು.

"ಇರೂದು ಒಂದ ಕಣ್ಣು. ಅದೂ ಹೋತಂದ್ರ ನಿನ್ನ ಮಾರಿ ನೆನಪಿನಾಗ ನೋಡಬೇಕು," ಅನ್ನುತ್ತಿದ್ದಳು.

ಅವಳ ಅಂಜಿಕೆ ಬಿಡಿಸಲಿಕ್ಕೆಂದು ಊರಿಗೆ ಹೋದಾಗಲೆಲ್ಲ ದವಾಖಾನೆಯ ನಗೆಯ ಸಂಗತಿ ಒಂದೊಂದು ಹೇಳುತ್ತಿದ್ದೆ. ಆಕೆ ನಗುತ್ತಿರಲಿಲ್ಲ. ಕೊನೆಯವರೆಗೆ ಸುಮ್ಮನೆ ಕೇಳಿ, "ಅದೆಲ್ಲಾ ಇರ್ಲಿ, ಕಣ್ಣು ಬಂತೋ ಇಲ್ಲೋ ಅದನ್ನ ಹೇಳು," ಅನ್ನುತ್ತಿದ್ದಳು.

ಒಗ್ಗರಣೆ

ನಮ್ಮ ದವಾಖಾನೆಯ ಹಿಂದಿನ ಗೋಡೆಗೆ ಅಂಟಿಕೊಂಡು ಒಂದು ಖಾನಾವಳಿ ಇತ್ತು. ಅದರ ಅಡುಗೆಯವನದು ಖಾರದ ಕೈ. ಒಂದು ದಿನ ಹತ್ತು ಗಂಟೆಯ ಹೊತ್ತಿಗೆ ಬ್ಯಾಡಗಿ ಮೆಣಸಿನಕಾಯಿಯನ್ನು ಕಾದ ಎಣ್ಣೆಗೆ ಹಾಕಿಬಿಟ್ಟ. ಘಾಟು ಕಿಟಕಿಯಿಂದ ಸೀದಾ ವಾರ್ಡಿಗೆ ಬಂತು.

ಎಂಟೂ ಕಾಟು ತುಂಬಿದ್ದವು. ಎಲ್ಲರದೂ ಆ ವಾರದ ಆಪರೇಶನ್. ಬೆಟಗೇರಿಯ ನೇಕಾರ ಮುದುಕನ ಮೂಗು ಮೊದಲು ಅರಳಿತು. ಆಮೇಲೆ ಶಿಗ್ಲಿಯ ಗೌಡರದು. ಸೀನು ಬರುವಾಗ ಮೂಗಿನ ಕೆಳಗೆ ತುಟಿಯ ಮೇಲೆ ಬೆರಳಿನಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ ಅಂತ ಡಾಕ್ಟರು ಹೇಳಿಕೊಟ್ಟಿದ್ದರು. ಆದರೆ ಮೂಗು ಎಂಟು, ನನ್ನ ಕೈ ಎರಡು.

"ಎಲ್ಲಾರೂ ನಿಮ್ಮ ನಿಮ್ಮವರ ತುಟಿ ಒತ್ರೀ!" ಅಂತ ಕೂಗಿದೆ.

ಹೆಂಡತಿ, ಮಗ, ಅಳಿಯ, ಯಾರು ಯಾರು ಹತ್ತಿರ ಇದ್ದರೋ ಅವರೆಲ್ಲ ಒಂದೊಂದು ತುಟಿ ಹಿಡಿದರು. ಹತ್ತಿರ ಯಾರೂ ಇಲ್ಲದ ಇಬ್ಬರ ನಡುವೆ ನಾನು ನಿಂತು ಎರಡು ಕೈಯಿಂದ ಎರಡು ತುಟಿ ಒತ್ತಿ ಹಿಡಿದೆ. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಲು ಕೈ ಇಲ್ಲ. ಐದು ನಿಮಿಷ ಯಾರೂ ಉಸಿರೂ ಬಿಡಲಿಲ್ಲ ಅನ್ನಬೇಕು. ಘಾಟು ಮೆಲ್ಲಗೆ ಇಳಿಯಿತು. ಯಾರೂ ಸೀನಲಿಲ್ಲ. ದೇವರು ದೊಡ್ಡವನು ಅಂದುಕೊಂಡೆ.

ಅಷ್ಟರಲ್ಲಿ, ಗದ್ದಲ ಏನೆಂದು ನೋಡಲು ಡಾಕ್ಟರು ಒಳಗೆ ಬಂದರು. ಬಂದವರೇ ಬಾಗಿಲಲ್ಲಿ ನಿಂತು, ಕಿಟಕಿ ಅದುರುವ ಹಾಗೆ ಒಂದರ ಮೇಲೊಂದು ನಾಲ್ಕು ಸಲ ಸೀನಿದರು.

ಪಟ್ಟಿ ಕಟ್ಟಿಕೊಂಡ ನೇಕಾರ ಮುದುಕ ಮಲಗಿದಲ್ಲಿಂದಲೇ ಗಾಬರಿಯಾಗಿ ಹೇಳಿದ: "ಯಾರ್ರೀ ಅದು ಸೀನಿದವರು? ಮೆಲ್ಲಕ, ಮೆಲ್ಲಕ! ಹೊಲಿಗಿ ಬಿಚ್ಚಿದ್ರ ನಮ್ಮ ಡಾಕ್ಟರು ಭಾಳ ಸಿಟ್ಟಿನವರದಾರ!"

ಬೀಗರು

ಲಕ್ಷ್ಮೇಶ್ವರದ ಒಬ್ಬ ವ್ಯಾಪಾರಸ್ಥರ ಮನೆಯ ಹೆಂಗಸು. ದೊಡ್ಡ ಮನೆತನ, ನಡತೆಯಲ್ಲಿ ಬಲು ಕಟ್ಟುನಿಟ್ಟು. ಆಪರೇಶನ್ ಆಗಿ ಮೂರನೇ ದಿನ. ಮಗಳನ್ನು ಕೊಟ್ಟ ಶಿರಹಟ್ಟಿಯ ಬೀಗರು ಮಾತನಾಡಿಸಲು ಬಂದರು. ಬಾಗಿಲಲ್ಲಿ ಅವರ ದನಿ ಕೇಳಿದ್ದೇ ತಡ, ಈಕೆ ಏಳಲು ಹೊರಟಳು. ನಾನು ಓಡಿಹೋಗಿ ಭುಜ ಹಿಡಿದೆ.

"ಬಿಡ್ರಿ ನನ್ನ! ಬೀಗರು ನಿಂತಾರ, ನಾ ಕಾಲು ಚಾಚಿ ಮಲಗೂದಾ? ನಾಳೆ ನನ್ನ ಮಗಳು ಆ ಮನ್ಯಾಗ ಹೆಂಗ ತಲಿ ಎತ್ತಬೇಕು?"

"ಎದ್ರ ಕಣ್ಣು ಹೊಕ್ಕೈತ್ರಿ ತಾಯಿ," ಅಂದೆ.

"ಹೋಗ್ಲಿ," ಅಂದಳು. ನಾನು ಭುಜ ಬಿಡಲಿಲ್ಲ.

ಬೀಗರು ಬಹಳ ಒಳ್ಳೆಯ ಮನುಷ್ಯ. "ಏಳಬ್ಯಾಡ್ರಿ, ಏಳಬ್ಯಾಡ್ರಿ, ನಾ ಇಲ್ಲೇ ನೆಲಕ್ಕ ಕುಂಡ್ರತೀನಿ," ಅಂತ ನೆಲದ ಮೇಲೆ ಕುಳಿತರು. ಅದರಿಂದ ಇನ್ನೂ ಕೆಟ್ಟಿತು. ಬೀಗರು ಕೆಳಗೆ, ತಾನು ಕಾಟಿನ ಮೇಲೆ! ಈಕೆ ಮತ್ತೆ ಏಳಲು ಹೊರಟಳು. ಬೀಗರು ಎದ್ದು ನಿಂತರು. ನಿಂತರೆ ಈಕೆಗೆ ಮಲಗಲಾಗದು. ಕೊನೆಗೆ ಅವರು ಸುತ್ತ ನೋಡಿ, ಪಕ್ಕದ ಕಾಟು ಖಾಲಿ ಇದ್ದದ್ದು ಕಂಡು, ಅದರ ಮೇಲೆ ತಾವೂ ಅಂಗಾತ ಮಲಗಿಬಿಟ್ಟರು.

"ಈಗ ನೀವೂ ಮಲಗೀರಿ, ನಾನೂ ಮಲಗೀನಿ. ಇಬ್ಬರೂ ಸರಿ ಆತಿಲ್ಲೋ?"

ಈಕೆ ಒಪ್ಪಿದಳು. ಇಬ್ಬರೂ ಮಾಡಿಗೆ ಮುಖ ಮಾಡಿಕೊಂಡು ಮಕ್ಕಳ ಕ್ಷೇಮಸಮಾಚಾರ ಶುರು ಮಾಡಿದರು. ನಾನು ನಿಟ್ಟುಸಿರು ಬಿಟ್ಟು ಪಟ್ಟಿಯ ಅರಿವೆ ಕುದಿಸಲು ಹಿಂದಕ್ಕೆ ಹೋದೆ. ಹೋಗಬಾರದಿತ್ತು.

ಆ ಖಾಲಿ ಕಾಟು ಮರುದಿನದ ಆಪರೇಶನ್ನಿಗೆ ಬರುವ ರೋಗಿಯದು. ಡಾಕ್ಟರು ಬಂದರು, ಮನುಷ್ಯ ಮಲಗಿದ್ದ, ರೋಗಿ ಬಂದಿದ್ದಾನೆ ಅಂದುಕೊಂಡರು. ಕಣ್ಣಿನ ಪಾಪೆ ಹಿಗ್ಗಿಸುವ ಔಷಧವನ್ನು ಎರಡೂ ಕಣ್ಣಿಗೆ ಹಾಕಿ, "ಕಣ್ಣು ಮುಚ್ಚಿಕೊಂಡು ಮಲಗ್ರಿ. ಇವತ್ತ ಗಂಜಿ ಬಿಟ್ಟು ಏನೂ ಉಣ್ಣಬ್ಯಾಡ್ರಿ," ಅಂತ ಹೇಳಿ ಹೋದರು. ನಾನು ಬಂದು ನೋಡಿದರೆ ಬೀಗರು ಕಣ್ಣು ಮುಚ್ಚಿ, ಎದೆಯ ಮೇಲೆ ಕೈ ಜೋಡಿಸಿಕೊಂಡು ಮಲಗಿದ್ದಾರೆ. ಆ ಔಷಧದ ಮಬ್ಬು ಇಳಿಯಲು ನಾಲ್ಕಾರು ದಿನ ಬೇಕು.

"ಔಷಧ ಹಾಕುಮುಂದ ನಾ ರೋಗಿ ಅಲ್ಲ ಅಂತ ಹೇಳಬಾರದೇನ್ರಿ?" ಅಂತ ಅಳುವ ದನಿಯಲ್ಲಿ ಕೇಳಿದೆ.

ಬೀಗರು ಬಹಳ ಸಂಕೋಚದಿಂದ ಹೇಳಿದರು: "ಬೀಗರ ಕಡೆ ಬಂದಾಗ ಏನ ಕೊಟ್ಟರೂ ಬ್ಯಾಡ ಅನ್ನಬಾರದಲ್ರಿ. ಅದಕ್ಕ ಸುಮ್ಮನಿದ್ನಿ."

ಇದನ್ನು ಅವ್ವನಿಗೆ ಹೇಳಿದೆ. ಆಕೆ ಎಂದಿನಂತೆ, "ಆಕಿಗೆ ಕಣ್ಣು ಬಂತೋ?" ಅಂದಳು.

"ಬಂತು."

"ಬೀಗಗ?"

"ಅವರಿಗೂ ಬಂತು. ಐದು ದಿನಕ್ಕ."

ವಿಲಾಯತಿ ಗಾಜು

ಪೊರೆ ತೆಗೆದರೆ ಕೆಲಸ ಮುಗಿಯುತ್ತಿರಲಿಲ್ಲ. ಒಳಗಿನ ಮಸೂರವೇ ಹೋದ ಮೇಲೆ ಕಣ್ಣಿಗೆ ಎಲ್ಲವೂ ಕಲಸಿದ ಹಾಗೆ ಕಾಣುತ್ತದೆ. ಅದಕ್ಕೆ ಬಾಟಲಿಯ ತಳದಂಥ ದಪ್ಪ ಗಾಜಿನ ಚಾಳೀಸು ಕೊಡುತ್ತಿದ್ದರು. ಅದನ್ನು ಹಾಕಿಕೊಂಡರೆ ಎಲ್ಲವೂ ದೊಡ್ಡದು, ಎಲ್ಲವೂ ಹತ್ತಿರ. ಬೆಟಗೇರಿಯ ಆ ನೇಕಾರ ಮುದುಕ ಚಾಳೀಸು ಬಂದ ದಿನ ಚಹಾವನ್ನು ಬಸಿಗೆ ಹಾಕುತ್ತೇನೆಂದು ನೇರವಾಗಿ ನನ್ನ ಅಂಗೈಗೆ ಹಾಕಿದ್ದ.

ಇಂಥದರಲ್ಲಿ ಒಂದು ದಿನ ಡಾಕ್ಟರು ಯಾವುದೋ ವಿಲಾಯತಿ ಪತ್ರಿಕೆ ಓದುತ್ತ ಕುರ್ಚಿಯಿಂದ ಅರ್ಧ ಎದ್ದರು. ಲಂಡನ್ನಿನ ಒಬ್ಬ ಡಾಕ್ಟರು ಪೊರೆ ತೆಗೆದ ಜಾಗದಲ್ಲಿ, ಕಣ್ಣಿನ ಒಳಗೇ, ಗಾಜಿನಂಥದೊಂದು ಸಣ್ಣ ಬಿಲ್ಲೆ ಇಟ್ಟಿದ್ದಾರಂತೆ. ಯುದ್ಧದಲ್ಲಿ ವಿಮಾನದ ಕಿಟಕಿಯ ಚೂರು ಕಣ್ಣೊಳಗೆ ಹೊಕ್ಕ ವೈಮಾನಿಕರ ಕಣ್ಣು ಆ ಚೂರನ್ನು ಸುಮ್ಮನೆ ಇಟ್ಟುಕೊಂಡದ್ದು ನೋಡಿ ಅವರಿಗೆ ಇದು ಹೊಳೆಯಿತಂತೆ.

ನನ್ನ ಬಾಯಿ ಸುಮ್ಮನಿರಲಿಲ್ಲ. ವಾರ್ಡಿನಲ್ಲಿ ಹೇಳಿದೆ. ಶಿಗ್ಲಿಯ ಗೌಡರು ಬಹಳ ಹೊತ್ತು ವಿಚಾರ ಮಾಡಿ, "ಇಲ್ಲಿ ಬ್ಯಾರೆ ಚೂರು ನೋಡ್ರಪಾ. ವಿಮಾನದ್ದು ಹಾಕಿದ್ರ ನೆಲಾ ನೋಡಿ ನಡಿಯಾಕ ಆದೀತೇನು?" ಅಂದರು.

ಅವ್ವನಿಗೂ ಹೇಳಿದೆ. ವಿಜ್ಞಾನ ಎಷ್ಟು ಮುಂದುವರಿದಿದೆ, ಇನ್ನು ಅಂಜಬೇಡ ಅನ್ನುವುದು ನನ್ನ ಲೆಕ್ಕ. ಅವ್ವ ಮೊದಲ ಸಲ ಮುಖ ಅರಳಿಸಿದಳು.

"ಹಂಗಾರ ಚಲೋ ಆತು. ಆ ಗಾಜು ಗದಗಕ್ಕ ಬರ್ಲಿ. ಬಂದ ದಿನಾ ಮಾಡಿಸಿಕೋತೀನಿ. ಅಲ್ಲೀತನಕ ಬ್ಯಾಡ."

ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಂತಾಯಿತು. ಅಂದಿನಿಂದ ಪ್ರತಿ ತಿಂಗಳೂ ಅದೇ ಪ್ರಶ್ನೆ, "ಬಂತೇನೋ ಗಾಜು?" ಅವ್ವ ಒಬ್ಬಳೇ ಕೇಳಿದ್ದರೆ ನಡೆಯುತ್ತಿತ್ತು. ಪಕ್ಕದ ಮನೆಯಲ್ಲಿ ನಮ್ಮ ದೊಡ್ಡಪ್ಪ ಇದ್ದ, ಅಪ್ಪನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ನಮ್ಮನ್ನು ನೋಡಿಕೊಂಡವನು ಆತನೇ. ನನ್ನ ಮುಖ ಆತನದೇ ಅಚ್ಚು ಅಂತ ಊರೆಲ್ಲ ಹೇಳುತ್ತಿತ್ತು. ಮನೆಯಲ್ಲಿ ಆತ ರುಮಾಲು ತೆಗೆದು ಹೊಳೆಯುವ ಬೋಳುತಲೆಯಲ್ಲಿ ಓಡಾಡುವುದು ನೋಡಿದಾಗಲೆಲ್ಲ ನನ್ನ ಟೊಪ್ಪಿಗೆಯನ್ನು ಇನ್ನಷ್ಟು ಕೆಳಗೆ ಎಳೆದುಕೊಳ್ಳುತ್ತಿದ್ದೆ. ಅವ್ವನ ಎದುರಿಗೂ ಅದನ್ನು ತೆಗೆದವನಲ್ಲ.

ಅವ್ವ ಆತನ ಎದುರಿಗೆ ನಲವತ್ತು ವರ್ಷದಲ್ಲಿ ಒಂದು ಮಾತು ಆಡಿದವಳಲ್ಲ. ಭಾವ ಕೆಮ್ಮಿದ ಸಪ್ಪಳ ಕೇಳಿದರೆ ಸೆರಗು ಹಣೆಯ ಕೆಳಗೆ ಬರುತ್ತಿತ್ತು. ಹೇಳಬೇಕಾದ್ದನ್ನು ಅಂಗಳದ ಎಮ್ಮೆಕರುವಿಗೆ ಹೇಳುತ್ತಿದ್ದಳು, ದೊಡ್ಡಪ್ಪ ಕೇಳಿಸಿಕೊಳ್ಳುತ್ತಿದ್ದ. ಒಂದು ದಿನ ಆತ ಜೋರಾಗಿ ನನ್ನನ್ನು ಕೇಳಿದ: "ಏನಪಾ, ನಿಮ್ಮ ಅವ್ವನ ಕಣ್ಣಿಗೆ ಎಷ್ಟು ದಿನ ತಡಾ ಮಾಡಾಂವ?"

ಅವ್ವ ಸೆರಗು ಎಳೆದುಕೊಂಡು ಕರುವಿನ ಕಡೆ ತಿರುಗಿ, "ನೋಡವಾ, ತಡಾ ಮಾಡಾಕ ಹತ್ತಿದ್ದು ನಾವಲ್ಲ. ಲಂಡನ್ನಿನವರು," ಅಂದಳು.

ಮೆಲ್ಲಗೆ ಜೈ

ನಡುವೆ ಒಂದು ಸಲ ನಮ್ಮಲ್ಲಿ ಒಬ್ಬ ಮುದುಕನ ಕಣ್ಣು ಹೋಯಿತು. ಯಾರ ತಪ್ಪೂ ಅಲ್ಲ, ಒಳಗೆ ಕೀವು ಆಯಿತು. ಆ ತಿಂಗಳು ಊರಿಗೆ ಹೋದಾಗ ನಾನು ಏನೂ ಸಂಗತಿ ಹೇಳಲಿಲ್ಲ. ಅವ್ವ ಸ್ವಲ್ಪ ಹೊತ್ತು ಕಾದು, "ಯಾರದೋ ಹೋಗಿರಬೇಕು," ಅಂದಳು. ನನಗೆ ಬಹಳ ಸಂಕಟವಾಯಿತು. ಆಮೇಲೆ ಐದಾರು ತಿಂಗಳು ಆಪರೇಶನ್ ಮಾತೇ ತೆಗೆಯಲಿಲ್ಲ.

ಅಷ್ಟರಲ್ಲಿ ಏಕೀಕರಣ ಬಂತು. ಶಿರಹಟ್ಟಿಯ ಒಬ್ಬ ನಿವೃತ್ತ ಮಾಸ್ತರು ಅದಕ್ಕಾಗಿ ವರ್ಷಗಟ್ಟಲೆ ಸಭೆ, ಮೆರವಣಿಗೆ ಅಂತ ಓಡಾಡಿದವರು. ಅವರ ದುರ್ದೈವ ನೋಡಿ, ಕರ್ನಾಟಕ ಒಂದಾಗುವ ದಿನ ಅವರು ನಮ್ಮ ನಾಲ್ಕನೇ ಕಾಟಿನಲ್ಲಿ ಪಟ್ಟಿ ಕಟ್ಟಿಕೊಂಡು ಮಲಗಿದ್ದರು, ಆಪರೇಶನ್ ಆಗಿ ಐದನೇ ದಿನ.

ಮುಂಜಾನೆಯಿಂದ ಹೊರಗೆ ಬಾಜಾ ಭಜಂತ್ರಿ. ಮೆರವಣಿಗೆ ನಮ್ಮ ಓಣಿಗೇ ಬಂತು. ಮಾಸ್ತರ ತುಟಿ ನಡುಗತೊಡಗಿತು.

"ಮಾಸ್ತರ, ಅಳಬ್ಯಾಡ್ರಿ!" ಅಂತ ಓಡಿದೆ.

"ಅಳೂದಿಲ್ಲಪಾ. ಒಂದು ಸರ್ತಿ ಜೈ ಅಂತೀನಿ."

"ಜೋರಾಗಿ ಅಂದ್ರ ಹೊಲಿಗಿ..."

"ಇಷ್ಟು ವರ್ಷ ಗಂಟಲಾ ಹರಕೊಂಡೀನಿ. ಇವತ್ತ ಸುಮ್ಮನ ಇರಂದ್ರ ಹೆಂಗಪಾ?"

ಡಾಕ್ಟರನ್ನು ಕೇಳಿಕೊಂಡು ಬಂದೆ. ಅವರು ವಿಚಾರ ಮಾಡಿ, "ಉಸಿರಿನಾಗ ಅನ್ನಲಿ," ಅಂದರು.

ಮಾಸ್ತರು ಉಸಿರಿನಲ್ಲಿ, "ಕರ್ನಾಟಕ ಮಾತಾ ಕೀ..." ಅಂದರು. ಉಳಿದ ಏಳೂ ಕಾಟಿನಿಂದ ಏಳು ಜನ, ತಲೆಯ ಎರಡೂ ಬದಿಗೆ ಉಸುಕಿನ ಚೀಲ ಇಟ್ಟುಕೊಂಡು, ತುಟಿ ಅಲುಗಿತೋ ಇಲ್ಲವೋ ಅನ್ನುವ ಹಾಗೆ "ಜೈ" ಅಂದರು. ಹಾಗೆ ಮೂರು ಸಲ ಆಯಿತು. ಹೊರಗಿನ ಗದ್ದಲದಲ್ಲಿ ಅದು ನನ್ನೊಬ್ಬನಿಗೇ ಕೇಳಿಸಿತು.

ಐದು ದಿನದ ಮೇಲೆ ಪಟ್ಟಿ ಬಿಚ್ಚಿದರು. "ಮಾಸ್ತರ, ಮಲಗುಮುಂದ ಮುಂಬೈ ರಾಜ್ಯದಾಗ ಮಲಗಿದ್ರಿ, ಈಗ ಮೈಸೂರು ರಾಜ್ಯದಾಗ ಎದ್ದೀರಿ. ಹೆಂಗ ಕಾಣತೈತಿ?" ಅಂತ ಡಾಕ್ಟರು ಕೇಳಿದರು.

ಮಾಸ್ತರು ಸುತ್ತ ನೋಡಿ, "ಇನ್ನೂ ಮಸಕ ಮಸಕ ಐತ್ರಿ ಸಾಹೇಬ್ರ. ಚಾಳೀಸು ಜಲ್ದಿ ಕೊಡಸ್ರಿ," ಅಂದರು.

ಈ ಸಂಗತಿಯನ್ನು ಬಹಳ ಹುರುಪಿನಿಂದ ಅವ್ವನಿಗೆ ಹೇಳಿದೆ. ಮಾಸ್ತರಿಗೆ ಕಣ್ಣು ಬಂದದ್ದನ್ನೂ ಕೇಳುವ ಮೊದಲೇ ಹೇಳಿದೆ. ಅವ್ವ, "ಕರ್ನಾಟಕ ಒಂದಾತು, ಭಾಳ ಚಲೋ ಆತು. ಗಾಜು ಬಂತೇನು?" ಅಂದಳು.

ರೊಟ್ಟಿ ಉಂಡವನು

ಮುಂದಿನ ಸಲ ನಾನು ಊರಿಗೆ ಹೋದಾಗ ಮಧ್ಯಾಹ್ನ. ಓಣಿಯ ತಿರುವಿನಿಂದಲೇ ಅವ್ವ ಬೈಯುವುದು ಕೇಳಿಸಿತು.

"ತಿಂಗಳಾತು, ಒಂದು ಖಬರ ಇಲ್ಲ! ಮಾರಿ ನೋಡು, ಒಣಗಿ ಹೋಗೈತಿ. ಮಂದಿ ಕಣ್ಣು ಕಾಯಾಂವಗ ತನ್ನ ಹೊಟ್ಟಿ ಕಾಯಾಕ ಬರೂದಿಲ್ಲ. ಇನ್ನೊಂದು ರೊಟ್ಟಿ ತಿನ್ನು."

ನನ್ನನ್ನೇ ಬೈಯುತ್ತಿದ್ದಳು. ಆದರೆ ನಾನು ಇನ್ನೂ ಓಣಿಯಲ್ಲೇ ಇದ್ದೆ.

ಹತ್ತಿರ ಹೋಗಿ ನೋಡಿದೆ. ನಮ್ಮ ಕಟ್ಟೆಯ ಮೇಲೆ, ಟೊಪ್ಪಿಗೆ ಹಾಕಿಕೊಂಡ ಗುರುತಿಲ್ಲದ ಮನುಷ್ಯನೊಬ್ಬ ತಾಟು ಮುಂದಿಟ್ಟುಕೊಂಡು ಬದನೆಕಾಯಿ ಪಲ್ಯ ರೊಟ್ಟಿ ಉಣ್ಣುತ್ತಿದ್ದ. ಅವ್ವ ಬೈದದ್ದಕ್ಕೆಲ್ಲ ಬಾಯಿ ತುಂಬಿಕೊಂಡು "ಹೂಂ, ಹೂಂ" ಅನ್ನುತ್ತಿದ್ದ.

"ಅವ್ವಾ," ಅಂದೆ.

ಅವ್ವನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. ಆ ಮನುಷ್ಯ ಗಡಬಡಿಸಿ ತುತ್ತು ನುಂಗಿ ಹೇಳಿದ: "ತಪ್ಪು ತಿಳೀಬ್ಯಾಡ್ರಿ. ನಾ ಹಿರೇವಡ್ಡಟ್ಟಿಯಾಂವ. ಬಸ್ಸಿಗೆ ಹೊತ್ತೈತಿ ಅಂತ ನೆಳ್ಳಿಗೆ ನಿಮ್ಮ ಕಟ್ಟಿಗೆ ಕುಂತಿದ್ನಿ. ಕೈ ತೊಳಕೋ ಅಂದ್ರು, ತೊಳಕೊಂಡ್ನಿ. ಉಣ್ಣು ಅಂದ್ರು, ಉಂಡ್ನಿ."

"ನಾ ನಿಮ್ಮ ಮಗಾ ಅಲ್ಲ ಅಂತ ಹೇಳಬಾರದಾ?"

"ಬೈಯೂದು ಮುಗದ ಮ್ಯಾಲ ಹೇಳೋಣ ಅಂತಿದ್ನಿ. ಮುಗೀವಲ್ದು."

ನನಗೆ ನಗು ಬಂತು. ಅವ್ವ ನಗಲಿಲ್ಲ. ಕಟ್ಟೆಗೆ ಕೈ ಊರಿ ಮೆಲ್ಲಗೆ ಕುಳಿತಳು. "ಹೊಟ್ಟೀಲೆ ಹುಟ್ಟಿದ ಮಗ ಯಾರು, ಹಾದೀಲೆ ಹೋಗಾಂವ ಯಾರು ಅನ್ನೂದು ತಿಳೀವಲ್ದು ನನಗ," ಅಂದಳು. ಆಕೆಯ ಗಲ್ಲದ ಮೇಲೆ ನೀರು ಇಳಿಯಿತು. ಆ ಕಣ್ಣು ಅಷ್ಟು ಮುಚ್ಚಿಹೋಗಿತ್ತು ಅನ್ನುವುದನ್ನು ನನ್ನಿಂದ ಬಚ್ಚಿಟ್ಟಿದ್ದಳು.

ಸೆರಗಿನಿಂದ ಮುಖ ಒರೆಸಿಕೊಂಡು, "ಗಾಜು ಬಂದ್ರ ಬರ್ಲಿ, ಬಿಟ್ರ ಬಿಡ್ಲಿ. ಯಾವತ್ತು ಬರಬೇಕು ಹೇಳು," ಅಂದಳು. ಆಮೇಲೆ ಹಿರೇವಡ್ಡಟ್ಟಿಯವನ ಕಡೆ ತಿರುಗಿದಳು.

"ನೀ ಯಾಕ ಕೈ ತಡದಿ? ಬೈಸಿಕೊಂಡೀದಿ, ಪೂರಾ ಉಂಡು ಹೋಗು."

ಹತ್ತನೇ ದಿನ

ಆಪರೇಶನ್ ಹೊತ್ತಿಗೆ ದೀಪ ಹಿಡಿಯುವುದು ನನ್ನ ಕೆಲಸ. ಅವ್ವನನ್ನು ಮೇಜಿನ ಮೇಲೆ ಮಲಗಿಸಿದಾಗ ಗೋಡೆಯ ಮೇಲೆಲ್ಲ ಬೆಳಕು ಕುಣಿಯತೊಡಗಿತು. ಡಾಕ್ಟರು, "ಹೊರಗ ಹೋಗು," ಅಂದರು. ದವಾಖಾನೆಯ ಆಯಾ ಬಂದು ದೀಪ ಹಿಡಿದಳು. ಬಾಗಿಲ ಹೊರಗೆ ನಿಂತು ನಾನು ಎಲ್ಲ ದೇವರಿಗೂ ಏನೇನೋ ಬೇಡಿಕೊಂಡೆ. ಯಾವ ದೇವರಿಗೆ ಏನು ಹೇಳಿದೆ ಅನ್ನುವುದು ಆಮೇಲೆ ನೆನಪಾಗಲಿಲ್ಲ.

ಆ ಹತ್ತು ದಿನ ನಾನು ಮನುಷ್ಯನಾಗಿರಲಿಲ್ಲ. ಖಾನಾವಳಿಗೆ ಹೋಗಿ, ಹತ್ತು ದಿನ ಮೆಣಸಿನಕಾಯಿ ಹುರಿಯಬೇಡ ಅಂತ ಅಡುಗೆಯವನ ಕೈ ಹಿಡಿದೆ. ಆತ ಒಪ್ಪಿದ. ಹತ್ತು ದಿನ ಗದಗಿನ ಅರ್ಧ ಪೇಟೆ ಸಪ್ಪನೆಯ ಸಾರು ಉಂಡು ನನ್ನನ್ನು ಶಪಿಸಿತು. ಅವ್ವ ಮಾತ್ರ ಕಲ್ಲಿನ ಹಾಗೆ ಮಲಗಿದ್ದಳು. ಕೆಮ್ಮಲಿಲ್ಲ, ಹೊರಳಲಿಲ್ಲ. ಇಷ್ಟು ವರ್ಷ ನನ್ನ ಎಲ್ಲ ಸಂಗತಿಗಳನ್ನೂ ನಗದೆ ಕೇಳಿ ಆಕೆಗೆ ರೂಢಿಯಾಗಿತ್ತು. ದಿನಾ ಪಟ್ಟಿ ಬದಲಿಸುವಾಗ ಡಾಕ್ಟರು ಅರೆಗಳಿಗೆ ಬ್ಯಾಟರಿ ಬಿಟ್ಟು ನೋಡಿ, ಏನೂ ಹೇಳದೆ ಮುಚ್ಚುತ್ತಿದ್ದರು. ಅವರ ಮುಖ ನೋಡಿ ನೋಡಿ ನಾನು ಸೊರಗಿದೆ.

ಹತ್ತನೇ ದಿನ ಮುಂಜಾನೆ ಅವ್ವನನ್ನು ದಿಂಬಿಗೆ ಆನಿಸಿ ಕೂಡಿಸಿದರು. ಮುಂಡರಗಿಯಿಂದ ದೊಡ್ಡಪ್ಪ ಮೊದಲನೇ ಬಸ್ಸಿಗೆ ಬರುವೆನೆಂದು ಹೇಳಿ ಕಳಿಸಿದ್ದ, ಇನ್ನೂ ಬಂದಿರಲಿಲ್ಲ. ಡಾಕ್ಟರು ಕಾಯಲಿಲ್ಲ.

"ಯಾರೂ ಬಾಯಿ ಬಿಡಬ್ಯಾಡ್ರಿ," ಅಂದರು. ಎಷ್ಟೋ ರೋಗಿಗಳು ಕಾಣದಿದ್ದರೂ ದನಿಯಿಂದ ಗುರುತು ಹೇಳಿಬಿಡುತ್ತಿದ್ದರು. ಹಾಗಾಗಿ ನಮ್ಮಲ್ಲಿ ಮಾತಿಲ್ಲದೆ ಪರೀಕ್ಷೆ. ನನ್ನನ್ನು ಅವ್ವನ ಎದುರಿಗೆ ನಾಲ್ಕು ಮೊಳ ದೂರದಲ್ಲಿ ನಿಲ್ಲಿಸಿದರು. ಪಟ್ಟಿ ಬಿಚ್ಚಿದರು. ಪೆಟ್ಟಿಗೆಯಿಂದ ದಪ್ಪ ಗಾಜು ತೆಗೆದು ಆಕೆಯ ಕಣ್ಣ ಮುಂದೆ ಹಿಡಿದರು.

"ತಾಯಿ, ಮೆಲ್ಲಕ ಕಣ್ಣು ತಗೀರಿ. ಎದುರಿಗೆ ನಿಂತವರು ಯಾರು?"

ಅವ್ವ ಕಣ್ಣು ತೆರೆದಳು. ನನ್ನನ್ನು ನೋಡಿದಳು. ಒಂದು ಗಳಿಗೆ. ಮರುಗಳಿಗೆಗೆ ಸರಕ್ಕನೆ ಸೆರಗು ಎಳೆದುಕೊಂಡು ಮುಖದ ಮೇಲೆ ಇಳಿಬಿಟ್ಟು ಗೋಡೆಯ ಕಡೆ ತಿರುಗಿದಳು.

ನಾನು ಡಾಕ್ಟರ ಮುಖ ನೋಡಿದೆ.

"ಏನಾತ್ರಿ? ಬೆಳಕು ಚುಚ್ಚತೈತೇನು?" ಡಾಕ್ಟರ ದನಿಯೂ ಗಾಬರಿಯಾಗಿತ್ತು. ಅವ್ವ ಇಲ್ಲವೆಂದು ತಲೆಯಾಡಿಸಿದಳು.

"ನೋವೈತೇನು?" ಮತ್ತೆ ಇಲ್ಲ.

"ಕಾಣತೈತೋ ಇಲ್ಲೋ, ಬಾಯಿಬಿಟ್ಟು ಹೇಳ್ರಿ ತಾಯಿ!"

ಅವ್ವ ಉಸಿರೆತ್ತಲಿಲ್ಲ. ಹೋಯಿತು, ಎರಡನೇ ಕಣ್ಣೂ ಹೋಯಿತು, ಇಷ್ಟು ವರ್ಷ ಆಪರೇಶನ್ ಆಪರೇಶನ್ ಅಂತ ಬೆನ್ನು ಹತ್ತಿದವನು ನಾನು, ಅಂದುಕೊಂಡೆ. ಮಾತಾಡಬಾರದು ಅಂತ ಬಾಯಿಗೆ ಕೈ ಒತ್ತಿಕೊಂಡಿದ್ದೆ. ಬೆರಳ ಸಂದಿನಿಂದ ಅಳು ಹೊರಬರುತ್ತಿತ್ತು.

ಕೊನೆಗೆ ಅವ್ವ ಸೆರಗಿನ ಒಳಗಿಂದಲೇ ಆಯಾಳ ಕೈ ಹಿಡಿದೆಳೆದು, ಕಿವಿಯಲ್ಲಿ ಏನೋ ಹೇಳಿದಳು. ಆಯಾ ನನ್ನ ಮುಖ ನೋಡಿದಳು, ಡಾಕ್ಟರ ಮುಖ ನೋಡಿದಳು.

"ಸಾಹೇಬ್ರ, 'ನಮ್ಮ ಭಾವನವರು ಎದುರಿಗೆ ಬರಿತಲೀಲೆ ನಿಂತಾರ, ನಾ ಹೆಂಗ ಮಾತಾಡ್ಲಿ? ಅವರನ್ನ ಹೊರಗ ಕಳಸ್ರಿ, ಆಮ್ಯಾಲ ಎಲ್ಲಾ ಹೇಳ್ತೀನಿ' ಅನ್ನಾಕ ಹತ್ಯಾರ."

ಡಾಕ್ಟರು ನನ್ನ ತಲೆ ನೋಡಿದರು. ನಾನೂ ನನ್ನ ತಲೆ ಮುಟ್ಟಿ ನೋಡಿಕೊಂಡೆ.

"ಅವ್ವಾ, ನಾನು!" ಅಂದೆ.

ಸೆರಗು ಸರಿಯಿತು. ಅವ್ವ ಡಾಕ್ಟರ ಕೈಯಿಂದ ಗಾಜನ್ನು ತಾನೇ ಇಸಿದುಕೊಂಡು, ಕಣ್ಣಿಗೆ ಹಿಡಿದು, ನನ್ನನ್ನು ಕಾಲಿನಿಂದ ತಲೆಯವರೆಗೂ ನೋಡಿದಳು. ತಲೆಯ ಹತ್ತಿರ ಬಂದು ಆಕೆಯ ನೋಟ ನಿಂತಿತು. ನನ್ನ ನೆತ್ತಿಯ ಮೇಲೆ ಇನ್ನೂ ಉಳಿದಿದ್ದ ನಾಲ್ಕೈದು ಕೂದಲನ್ನು ಒಂದೊಂದಾಗಿ ಎಣಿಸುತ್ತಿದ್ದಾಳೆ ಅನ್ನಿಸಿತು. ಆ ಕಣ್ಣಿಗೆ ಅಷ್ಟು ಚಂದ ಕಾಣುತ್ತಿತ್ತು!

"ಅಯ್ಯ ನನ್ನ ಕಂದಾ," ಅಂದಳು. ಆಮೇಲೆ ಡಾಕ್ಟರ ಕಡೆ ತಿರುಗಿ, ಬಹಳ ಕಾಳಜಿಯಿಂದ ಕೇಳಿದಳು: "ಸಾಹೇಬ್ರ, ಕಣ್ಣೊಳಗ ಗಾಜು ಇಡೂ ಹಂಗ ತಲಿ ಮ್ಯಾಲ ಕೂದಲಾ ಇಡೂದು ಏನರ ಬಂದೈತೇನ್ರಿ ಲಂಡನ್ನಿನಾಗ? ಇದಕ್ಕ ಬೇಕಾದ್ರ ನಾ ಕಾಯ್ತೀನಿ."

ಮೊದಲು ನಕ್ಕವರು ಡಾಕ್ಟರೇ. ಆಮೇಲೆ ಕಾಟಿನಿಂದ ಕಾಟಿಗೆ ನಗು ಹತ್ತಿಕೊಂಡಿತು. ಓಡಿಹೋಗಿ "ನಗಬ್ಯಾಡ್ರಿ" ಅನ್ನಬೇಕಾದವನು ನಾನು. ಆದರೆ ಆ ಹೊತ್ತಿಗೆ ನೀರು ತುಂಬಿ, ಪಟ್ಟಿ ಇಲ್ಲದೆಯೂ ಕಣ್ಣು ಕಾಣದವನು ಇಡೀ ವಾರ್ಡಿನಲ್ಲಿ ನಾನೊಬ್ಬನೇ ಆಗಿದ್ದೆ.